ಹುಲ್ಲು ನೋಡಿಕೊಳ್ಳುತ್ತಿದ್ದ ಮ್ಯೊಂಗ್ ಗಿಲ್

"ಇಳಿಸಿ, ಇಳಿಸಿ! ಲಾರಿಗೆ ಏರಿಸಬೇಡಿ!"

ಮ್ಯಾನೇಜರ್ ಹ್ಯೊಕ್ ಏದುಸಿರು ಬಿಡುತ್ತ ಓಡಿ ಬಂದಾಗ ಮ್ಯೊಂಗ್ ಗಿಲ್‌ನ ಶವಪೆಟ್ಟಿಗೆಯ ಒಂದು ತುದಿ ಆಗಲೇ ಲಾರಿಯ ಮೇಲಿತ್ತು. ಗಾಲ್ಫ್ ಮೈದಾನದ ಆರು ಜನ ಕೆಲಸಗಾರರು ಅದನ್ನು ಮತ್ತೆ ನೆಲಕ್ಕಿಳಿಸಿದರು.

"ಪ್ಯೊಂಗ್ಯಾಂಗ್‌ನಿಂದ ವಿದೇಶಿಯರ ಬಸ್ಸು ಬಂದಿದೆ. ಹೂಳೋ ಗುಡ್ಡದ ರಸ್ತೆ ಆಟದ ಮೈದಾನದ ಪಕ್ಕದಲ್ಲೇ ಹೋಗುತ್ತೆ. ಹೆಣ ಅವರ ಕಣ್ಣಿಗೆ ಬೀಳಬಾರದು. ಸಂಜೆ ಆರಕ್ಕೆ ಹೊರಡ್ತಾರೆ."

"ಜೀವ ಹೋಗಿ ಇವತ್ತಿಗೆ ಮೂರನೇ ದಿನ," ಎಂದಳು ಮ್ಯೊಂಗ್ ಗಿಲ್‌ನ ಹೆಂಡತಿ ಪುನ್ ಹಿ. "ಈ ಸೆಖೆಯಲ್ಲಿ ಸಂಜೆವರೆಗೆ ಹೇಗೆ ಇಟ್ಕೊಳ್ಳೋದು?"

"ನನ್ನ ಕೈಲಿ ಏನಿದೆ ಹೇಳಿ!"

ಅವಳು ಕೂತಳು, ಎದ್ದಳು, ಪೆಟ್ಟಿಗೆಯ ಮೇಲಿನ ನೊಣ ಓಡಿಸಿದಳು. ದೂರದಲ್ಲಿ ಚೆಂಡಿಗೆ ಕೋಲು ಬಡಿದ ಸದ್ದಾದಾಗಲೆಲ್ಲ ಬೇಲಿಯತ್ತ ಕಣ್ಣು ಹಾಯಿಸಿದಳು.

"ಅತ್ತಿಗೆ, ಒಂಚೂರು ಕೂತ್ಕೊಳ್ಳಿ," ಎಂದ ಗಂಡನ ಜೊತೆಗಾರ ಛೋಲ್ ಗು. "ಅಣ್ಣ ಇದ್ದಿದ್ರೆ ಈಗ ವಿದೇಶಿಯರ ಹಿಂದೇನೇ ಓಡ್ತಿದ್ದ, ಎಲ್ಲೆಲ್ಲಿ ಹುಲ್ಲು ಕಿತ್ತುಹಾಕಿದ್ರು ಅಂತ."

"ನನ್ನ ಹೆರಿಗೆ ದಿನಾನೂ ಹುಲ್ಲಿಗೆ ನೀರು ಬಿಡೋಕೆ ಹೋಗಿದ್ದ ಮಹಾರಾಯ."

*

ರೇಷನ್ ನಿಂತುಹೋಗಿದ್ದ ವರ್ಷಗಳವು. ಗುಡ್ಡದಲ್ಲಿ ಕಿತ್ತು ತಿನ್ನಲೂ ಸೊಪ್ಪು ಉಳಿದಿರಲಿಲ್ಲ. ಒಂದು ಬೆಳಗ್ಗೆ ಹೆಂಗಸೊಬ್ಬಳು ಮೈದಾನದ ಬೇಲಿ ನುಸುಳಿ ಕಳೆಸೊಪ್ಪು ಕೀಳುತ್ತಿದ್ದುದನ್ನು ಮ್ಯೊಂಗ್ ಗಿಲ್ ಕಂಡ. ಕಾವಲಿನವರಿಗೆ ತಿಳಿಸಿದರೆ ಅವಳ ಕತೆ ಮುಗಿದಂತೆ, ತಿಳಿಸದಿದ್ದರೆ ಇವನದು. ಅಂದೇ ಕಚೇರಿಗೆ ಅರ್ಜಿ ಬರೆದ: ಕಳೆ ವಿಪರೀತವಾಗಿದೆ, ಸುತ್ತಲಿನ ಮಹಿಳೆಯರು ಸ್ವಯಂಪ್ರೇರಣೆಯಿಂದ ಕಿತ್ತು ಕೊಡುತ್ತಾರೆ.

ಮೊಹರು ಬಿತ್ತು. ಮರುದಿನ ನಲವತ್ತು ಹೆಂಗಸರು ಬುಟ್ಟಿ ಹಿಡಿದು ಬಂದರು.

"ಹುಲ್ಲು ಮುಟ್ಟಬೇಡಿ. ಕಳೆಯೆಲ್ಲ ನಿಮ್ಮದೇ," ಎಂದನಂತೆ.

"ಯಾರಿಗಾದ್ರೂ ಗೊತ್ತಾದ್ರೆ?" ಎಂದು ಪುನ್ ಹಿ ಊಟಕ್ಕೆ ಕೂತಾಗ ಕೇಳಿದ್ದಳು.

"ಕಳೆ ಕೀಳೋದು ಅಪರಾಧವೇನೇ?" ಎಂದಿದ್ದ. ಚೆಲ್ಲಿದ ಸಾರನ್ನು ತೋಳಿನಿಂದ ಒರೆಸಿದ್ದ.

*

ಹನ್ನೆರಡೂವರೆಗೆ ವಿದೇಶಿಯರು ಊಟಕ್ಕೆ ಒಳಹೋದರು. ಪುನ್ ಹಿ ಎದ್ದು ನಿಂತಳು.

"ರಸ್ತೆ ಬೇಡ. ಲಾರಿ ಸದ್ದೂ ಬೇಡ. ಮೈದಾನ ದಾಟಿ ಹೊತ್ಕೊಂಡೇ ಹೋಗ್ತೀವಿ. ಕಾಲು ಗಂಟೆ ಸಾಕು."

"ತಲೆ ಕೆಟ್ಟಿದೆಯೇನಮ್ಮ?" ಹ್ಯೊಕ್ ಬೆಚ್ಚಿಬಿದ್ದ. "ಆ ಹುಲ್ಲಿನ ಮೇಲೆ ಹೆಣವೇ?"

"ಇಪ್ಪತ್ತೆಂಟು ವರ್ಷ ಬಗ್ಗಿಕೊಂಡೇ ದಾಟಿದಾನೆ. ಒಂದು ಸಲ ಮಲಗಿ ದಾಟಲಿ."

ಹ್ಯೊಕ್ ಕತ್ತಿನ ಬೆವರು ಒರೆಸಿಕೊಂಡ, ಊಟದ ಮನೆಯತ್ತ ನೋಡಿದ, ಮತ್ತೆ ಒರೆಸಿಕೊಂಡ.

"ಬಿಸಿಲು ಅಂತ ಪರದೆ ಎಳೆಸ್ತೀನಿ. ಇನ್ನೊಂದು ಸುತ್ತು ಬಿಯರ್ ಕೊಡಿಸ್ತೀನಿ. ಯಾರೂ ಅಳಕೂಡದು. ಸದ್ದಾದ್ರೆ ನಾನೂ ಅವನ ಪಕ್ಕದಲ್ಲೇ ಮಲಗ್ಬೇಕಾಗುತ್ತೆ."

ಹೊರಟರು. ಪುನ್ ಹಿ ಕರವಸ್ತ್ರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಬಾವುಟ ನೆಟ್ಟ ನಯವಾದ ಹುಲ್ಲು ಎದುರಾದಾಗ ಅದನ್ನು ತುಳಿಯಲು ಮುಂದಿನ ತುದಿ ಹೊತ್ತಿದ್ದ ಛೋಲ್ ಗುಗೆ ಮನಸ್ಸಾಗಲಿಲ್ಲ. ಪಕ್ಕದಲ್ಲಿ ಆಟಕ್ಕೆಂದೇ ತೋಡಿದ್ದ ಮರಳುಗುಂಡಿಗೇ ಇಳಿದ. ಭಾರಕ್ಕೆ ಆರೂ ಜನರ ಕಾಲು ಪಾದದ ಗಂಟಿನವರೆಗೆ ಹೂತುಹೋಯಿತು.

ಗುಡ್ಡದ ಬುಡ ತಲುಪಿ ಅವಳು ತಿರುಗಿ ನೋಡಿದಳು. ಆಟಗಾರರ ಚೀಲ ಹೊರುವ ಇಬ್ಬರು ಹುಡುಗಿಯರು ಮರಳಿಗಿಳಿದಿದ್ದರು. ಕುಂಟೆ ಎಳೆಯುತ್ತ, ಹಿಮ್ಮುಖವಾಗಿ ನಡೆಯುತ್ತ, ಹೊತ್ತವರ ಹೆಜ್ಜೆಗಳ ಜೊತೆಗೆ ತಮ್ಮ ಹೆಜ್ಜೆಗಳನ್ನೂ ಅಳಿಸುತ್ತಿದ್ದರು.