ಹುಚ್ಚಮ್ಮ ಸಾರಿಸಿದ ಚಿತ್ರ

ಹುಚ್ಚಮ್ಮ ಇನ್ನೊಂದು ಚಿಟಿಕೆ ಕೆಮ್ಮಣ್ಣನ್ನು ಚಿತ್ರದ ಗೋಡೆಗೆ ಒತ್ತಿ, ಎರಡು ಬೆರಳಿಂದ ಕಮಾನಾಗಿ ಎಳೆದಳು. ಕಿಟಕಿಯ ಪಕ್ಕದ ಬಿರುಕು ಮುಚ್ಚಿಹೋಯಿತು. ಅಷ್ಟರಲ್ಲಿ, ಕೈ ತೊಳೆಯಲು ಬುಕ್ಕಾಂಬುಧಿ ಕೆರೆಗೆ ಹೋಗಿದ್ದ ಖಲಂದರ್ ಏರಿ ಇಳಿದು ಬಂದವನು ಹುಣಸೆಮರದ ಬುಡದಲ್ಲಿ ನಿಂತಲ್ಲೇ ನಿಂತ.

ತರೀಕೆರೆಯಲ್ಲಿ ಅಂಗಡಿಗಳ ಹಲಗೆ ಬರೆಯುವ ಈ ಹುಡುಗ ಐದು ದಿನದಿಂದ ಅವಳ ಹುಲ್ಲಿನ ಮನೆಯನ್ನು ಬಟ್ಟೆಯ ಮೇಲೆ ಬರೆಯುತ್ತಿದ್ದ. ರೊಟ್ಟಿಗೆ ಬೆಣ್ಣೆ ಮೆತ್ತಿದಂತೆ ಚಾಕುವಿನಿಂದ ಬಣ್ಣ ಮೆತ್ತುತ್ತಿದ್ದ. ಸೂರಿನ ಹುಲ್ಲು ಮುಟ್ಟಿದರೆ ಬೆರಳಿಗೆ ಸಿಕ್ಕುವಷ್ಟು ಎದ್ದು ನಿಂತಿತ್ತು. ಅದಕ್ಕೆ ಅವಳ ತಕರಾರಿರಲಿಲ್ಲ, ತಕರಾರಿದ್ದದ್ದು ಗೋಡೆಯ ಬಗ್ಗೆ. ಮಾರ್ನಮಿ ಹತ್ತಿರ ಬಂತೆಂದು ನಿನ್ನೆ ತಾನೇ ಅವಳು ಕೆಮ್ಮಣ್ಣು, ಸಗಣಿ ಕಲಸಿ ಮನೆಯ ಗೋಡೆಯನ್ನು ನುಣ್ಣಗೆ ಸಾರಿಸಿದ್ದಳು. ಚಿತ್ರದಲ್ಲಿ ಮಾತ್ರ ಮೊನ್ನೆಯ ಬಿರುಕುಗಳು ಹಾಗೇ ಉಳಿದಿದ್ದವು. ಅದು ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಹೋಗುತ್ತದಂತೆ. ಹಬ್ಬಕ್ಕೂ ಗೋಡೆ ಸಾರಿಸದ ಹೆಂಗಸೆಂದು ಅಲ್ಲಿಯವರು ಆಡಿಕೊಂಡರೆ, ಮದುವೆಯಾಗಿ ಬಂದ ಲಾಗಾಯ್ತು ಒಂದು ವರ್ಷವೂ ತಪ್ಪಿಸದ ಈ ಕೈಗೆ ಏನು ಮರ್ಯಾದೆ? ಮಡಕೆಯ ತಳದಲ್ಲಿ ಮಣ್ಣೂ ಮಿಕ್ಕಿತ್ತು.

ಬೈಗುಳಕ್ಕೆ ತಯಾರಾಗಿ ನಿಂತಳು. ಖಲಂದರ್ ಬೈಯಲಿಲ್ಲ. ಚಿತ್ರವನ್ನು ಬಿಸಿಲಿಗೆ ಓರೆಯಾಗಿ ಹಿಡಿದ, ದೂರ ಇಟ್ಟು ನೋಡಿದ, ಮತ್ತೆ ಹತ್ತಿರ ತಂದ, ಕೊನೆಗೆ ನಗತೊಡಗಿದ. ತನ್ನ ಚಾಕು ಐದು ದಿನ ಹೆಣಗಿದರೂ ಬಣ್ಣ ಬರೀ ಬಣ್ಣವಾಗಿಯೇ ಇತ್ತು, ಈಗ ಗೋಡೆಯಾಯಿತು ಎಂದ. ಉಳಿದದ್ದನ್ನೂ ನೀವೇ ಸಾರಿಸಿ ಎಂದು ಚಿತ್ರವನ್ನು ಜಗಲಿಯ ಮೇಲೆ ಮಲಗಿಸಿಕೊಟ್ಟ.

ಹುಚ್ಚಮ್ಮ ಸೆರಗು ಸಿಕ್ಕಿಸಿ ಕೂತಳು. ಮೂಲೆ ಮುಗಿಯಿತು, ಹೊಸ್ತಿಲ ಪಕ್ಕ ಮುಗಿಯಿತು. ಬಾಗಿಲ ಮೇಲಿನ ಒಂದೇ ಬಿರುಕು ಉಳಿದಾಗ ಖಲಂದರ್ ಅಂಗೈ ಅಡ್ಡ ಹಿಡಿದ.

"ಅದೊಂದು ಇರ್ಲಿ ಅಜ್ಜಿ. ಇಡೀ ಚಿತ್ರಕ್ಕೆ ಅದೇ ಜೀವ."

"ನಿಮ್ಮನೆ ಗೋಡೆ ಬಿರುಕು ಬಿಟ್ರೆ ನಿಮ್ಮಮ್ಮ ಅಮೀನಾಬಿ ಅದೇ ಜೀವ ಅಂತ ಬಿಟ್ಕಂಡಿರ್ತಾಳೇನಪ್ಪಾ?"

ಅವನು ರಾಜಿಗೆ ಬಂದ. ಆ ಒಂದು ಬಿರುಕನ್ನು ಹಾಗೇ ಬಿಟ್ಟರೆ ಸಾಕು, ಅಜ್ಜಂಪುರದಲ್ಲಿ ರೈಲು ಹತ್ತಿಸಿ ಅವಳನ್ನು ಮೈಸೂರಿಗೆ ಕರೆದೊಯ್ಯುತ್ತಾನೆ. ಚಿತ್ರದ ಮುಂದೆ ನಿಲ್ಲಿಸಿ, ಈ ಮನೆಯ ಯಜಮಾನಿ ಇವರೇ ಎಂದು ಎಲ್ಲರಿಗೂ ಹೇಳುತ್ತಾನೆ. ರೈಲಿನ ಕೂಗು ಕೇಳಿಯೇ ತಲೆ ಹಣ್ಣಾದವಳು ಹುಚ್ಚಮ್ಮ, ಒಮ್ಮೆಯೂ ಹತ್ತಿರಲಿಲ್ಲ. ಅವಳ ಕೆಂಪು ಬೆರಳು ಒಂದು ಗಳಿಗೆ ಗಾಳಿಯಲ್ಲೇ ನಿಂತಿತು.

"ಬರಕ್ಕಿಲ್ಲ ಕಣಪ್ಪಾ," ಎಂದಳು. "ಬಿರುಕು ಬಿಟ್ಟ ಗೋಡೆ ಮುಂದೆ ನಿಂತ್ಕಂಡು, ಇದು ನಮ್ಮನೆ ಅನ್ನಕ್ಕಿಲ್ಲ."