ಮುಚ್ಚಳದ ಮೇಲಿನ ಹೆಸರು

ನಾನು ಪರೀಕ್ಷೆಯ ನೀರು ತುಂಬುವ ಒಂದು ಬಿಳಿ ಪ್ಲಾಸ್ಟಿಕ್ ಬಾಟಲಿ. ಕಾರ್ಖಾನೆಯ ಅಚ್ಚಿನಿಂದ ಬಿಸಿಬಿಸಿಯಾಗಿ ಉದುರಿದಾಗ ನನ್ನಂಥವು ರಾಶಿ ಬಿದ್ದಿದ್ದವು. ಯಾರು ಯಾರೆಂದು ನಮಗೇ ತಿಳಿಯದು. ನಮ್ಮನ್ನು ಗುರುತು ಹಿಡಿಯಬೇಕಾದರೆ ಮೇಲೊಂದು ಚೀಟಿ ಅಂಟಿಸಲೇಬೇಕು.

ನಾನು ಸೇರಿದ್ದು ಬಯಲುಸೀಮೆಯ ಒಂದು ಸಣ್ಣ ಲ್ಯಾಬಿಗೆ. ಅಲ್ಲಿ ನೀರು ಪರೀಕ್ಷಿಸುವವರು ಜಾಹಿದಾ ಮೇಡಂ. ಹಟ್ಟಿ ಹಟ್ಟಿ ತಿರುಗಿ ತುಂಬಿ ತರುವವನು ತಿಪ್ಪೇರುದ್ರಪ್ಪ. ಎಷ್ಟು ಚೀಟಿ ಹೊತ್ತೆನೋ! ಗೋಂದು ಹಚ್ಚಿದ ಕಾಗದ ಐಸ್ ಪೆಟ್ಟಿಗೆಯ ತೇವಕ್ಕೆ ಜಾರಿಹೋಯಿತು. ಮೇಲೆ ಟೇಪು ಸುತ್ತಿದರು. ಒಳಗೆ ನೀರು ನುಗ್ಗಿ ಅಕ್ಷರವೆಲ್ಲ ಕಲೆಯಾಯಿತು. ಮಾರ್ಕರ್‌ನಲ್ಲಿ ಬರೆದರೆ ರುದ್ರಪ್ಪನ ಬೆವರುಗೈ ಒರೆಸಿಹಾಕಿತು. ಪ್ರತಿ ಸಲ ಉಜ್ಜಿಸಿಕೊಂಡು ಮತ್ತೆ ಹೊರಡುವುದು. ಸಾಕಾಗಿತ್ತು.

ಕೊನೆಗೆ ಮೇಡಂ ನೀರಿಗೂ ತಂಪಿಗೂ ಜಗ್ಗದ ಪ್ಲಾಸ್ಟಿಕ್ ಚೀಟಿ ತರಿಸಿದರು. ಆ ಸಲ ನಾನೂ ನನ್ನ ಜೊತೆಯವನೂ ಒಂದು ಹಟ್ಟಿಗೆ ಹೋದೆವು. ಅಲ್ಲಿ ಎರಡು ಕೈಪಂಪು; ಅಂಗನವಾಡಿ ಮುಂದೊಂದು, ಕೆರೆ ಏರಿಯ ಕೆಳಗೊಂದು. ಮಕ್ಕಳ ಹಲ್ಲು ಕಂದುಗಟ್ಟುತ್ತಿತ್ತು. ಯಾವುದರಲ್ಲಿ ಫ್ಲೋರೈಡ್ ಹೆಚ್ಚೋ ಅದಕ್ಕೆ ಕುಡಿಯಬಾರದೆಂದು ಕೆಂಪು ಬಣ್ಣ ಬಳಿಯಬೇಕು. ಅಂಗನವಾಡಿಯಲ್ಲಿ ಅಡುಗೆ ಮಾಡುವ ಓಬಳಮ್ಮ ಬಂದು ನಿಂತಳು.

"ಬ್ಯಾಗ ಹೇಳಪ್ಪಾ. ಸಣ್ಣ ಕೂಸುಗಳು ಕುಡೀತವೆ."

ನನ್ನೊಳಗೆ ಅಂಗನವಾಡಿಯ ನೀರು ತುಂಬಿತು. ಮೈಯೆಲ್ಲ ಒದ್ದೆ. ರುದ್ರಪ್ಪ ಒಣ ಜಾಗ ನೋಡಿ ಹೊಸ ಚೀಟಿಯನ್ನು ಮುಚ್ಚಳದ ಮೇಲೆ ಒತ್ತಿದ. ಕೆರೆ ಏರಿಯ ನೀರು ತುಂಬಿದ ಜೊತೆಯವನಿಗೂ ಹಾಗೆಯೇ. ಗಟ್ಟಿಯಾಗಿ ಕೂತವು.

ಲ್ಯಾಬಿನಲ್ಲಿ ಇಬ್ಬರ ಮುಚ್ಚಳವನ್ನೂ ತೆಗೆದು ಪಕ್ಕಪಕ್ಕ ಇಟ್ಟರು. ಅಂಗನವಾಡಿ ನೀರೇ ಕೆಟ್ಟದ್ದೆಂದು ಬಂತು. ಆಮೇಲೆ ಮುಚ್ಚುವಾಗ ಅವನದು ನನ್ನ ತಲೆಗೆ, ನನ್ನದು ಅವನ ತಲೆಗೆ. ಯಾರೂ ಗಮನಿಸಲಿಲ್ಲ. ಹೆಚ್ಚು ಬಂದರೆ ಇನ್ನೊಮ್ಮೆ ನೋಡುವುದು ಮೇಡಂ ಪದ್ಧತಿ. ನೋಡಿದರೆ ಈಗ ಕೆರೆ ಏರಿಯದು ಕೆಟ್ಟದ್ದು!

ಮೇಡಂ ಮುಚ್ಚಳವನ್ನೇ ದಿಟ್ಟಿಸಿದರು. "ಏನ್ರೀ ರುದ್ರಪ್ಪ, ಟೋಪಿಗೆ ಹೆಸರು ಬರೆದು ಆಳಿಗೇ ಬರೀಲಿಲ್ವಲ್ರೀ!"

"ಚೀಟಿ ಕಿತ್ತು ಬಂದಿಲ್ಲ ನೋಡಿ ಮೇಡಂ, ಎಷ್ಟು ಗಟ್ಟಿ! ಮೊದಲು ಬಂದದ್ದನ್ನೇ ಬರ್ಕೊಳ್ಳಿ. ಅಷ್ಟು ದೂರ ಮತ್ತೆ ಯಾರು ಹೋಗ್ತಾರೆ?"

"ಮೊದಲೇ ಅದಲುಬದಲಾಗಿದ್ರೆ?"

ಮೊದಲು ಬಂದದ್ದೇ ಸರಿಯೆಂದು ನನಗೆ ಗೊತ್ತಿತ್ತು. ಹೇಳುವುದು ಹೇಗೆ?

ಮೇಡಂ ಓಬಳಮ್ಮನಿಗೆ ಫೋನು ಮಾಡಿದರು. "ತಪ್ಪು ನಮ್ಮದೇ ಅಮ್ಮ. ಮತ್ತೆ ಬಂದು ನೋಡೋ ತನಕ ಎರಡೂ ಪಂಪಿನ ನೀರು ಬೇಡ."

"ಎರಡೂ ಬ್ಯಾಡಾಂದ್ರೆ ನಿಮ್ಮ ಲ್ಯಾಬಿಗೇ ಬಂದು ಅನ್ನ ಮಾಡ್ಲೇನವ್ವಾ?" ಆ ಕೂಗು ನನಗೂ ಕೇಳಿಸಿತು.

ನಮ್ಮನ್ನು ಬರಿದು ಮಾಡಿ, ತೊಳೆದು, ಮತ್ತೆ ಹೊರಡಿಸಿದರು. ಈ ಸಲ ಮೇಡಂ ತಾವೇ ಬಂದು, ನೀರು ತುಂಬುವ ಮೊದಲೇ ನನ್ನ ಒಣ ಹೊಟ್ಟೆಯ ಮೇಲೆ ಚೀಟಿ ಅಂಟಿಸಿದರು. ಕೆಟ್ಟ ನೀರು ನನ್ನೊಳಗಿನ ಅಂಗನವಾಡಿಯದೇ ಎಂದು ಖಾತ್ರಿಯಾಯಿತು. ಬಣ್ಣ ಬಳಿಯಲು ಹೋದಾಗ ಐಸ್ ಪೆಟ್ಟಿಗೆಯ ಜೊತೆ ನಾನೂ ಇದ್ದೆ.

"ಬಾಗಿಲ ಮುಂದಿಂದೇ ಆಗ್ಬೇಕಿತ್ತಾ?" ಎಂದಳು ಓಬಳಮ್ಮ. ನೆತ್ತಿ ಸವರಿಕೊಂಡಳು. "ನಿಮ್ಮ ಫೋನು ಬಂದಾಗಿಂದ ಪಕ್ಕದೂರಿಂದ ನೀರು ಹೊತ್ತೀನಿ. ಸದ್ಯ, ಕೆರೆ ಏರಿ ಹತ್ರಾನೇ ಐತೆ." ಬಿಂದಿಗೆ ಎತ್ತಿಕೊಂಡು ಅತ್ತ ನಡೆದಳು.

ನನ್ನ ಚೀಟಿ ಆಮೇಲೆ ಕೀಳಲಾಗಲಿಲ್ಲ. ಚಾಕುವಿನಿಂದ ಕೆರೆದರು, ಸೀಮೆಎಣ್ಣೆ ತಿಕ್ಕಿದರು. ಇನ್ನೊಂದು ಊರಿಗೆ ಆಗಿಬರುವುದಿಲ್ಲವೆಂದು ಸ್ಟೋರಿನ ಮೂಲೆಗೆ ತಳ್ಳಿದರು. ದಣಿದಿದ್ದೇನೆ, ಬಿಡಿ. ಗಟ್ಟಿ ಚೀಟಿ ಹುಡುಕಲು ಪಟ್ಟ ಪಾಡಿನಲ್ಲಿ ಒಂದಿಷ್ಟನ್ನು ಅದನ್ನೆಲ್ಲಿ ಅಂಟಿಸಬೇಕು ಅನ್ನುವುದಕ್ಕೆ ಪಟ್ಟಿದ್ದರೆ, ಆ ಹೆಂಗಸಿನ ಕತ್ತಿಗೆ ಅಷ್ಟು ಭಾರ ಬೀಳುತ್ತಿರಲಿಲ್ಲ.