ಸಕ್ಕುಬಾಯಿಯ ಪಾಳಿ

ಬೆಲ್ಲದ ಪೆಂಟೆಯನ್ನು ಹೆಬ್ಬೆರಳಿನಿಂದ ಒತ್ತಿ, ಮೂಸಿ, ಚೂರು ಮುರಿದು ಬಾಯಿಗೆ ಹಾಕಿ ಬೆಲೆ ಕಟ್ಟುವ ನನ್ನ ಕಣ್ಣಿಗೆ ಸಕ್ಕುಬಾಯಿ ಮೊದಲ ನೋಟದಲ್ಲಿ ಹೆಚ್ಚು ಬೆಲೆಯ ಮಾಲಾಗಿ ಕಾಣಲಿಲ್ಲ: ಬಣ್ಣ ಕಪ್ಪು, ಗಾತ್ರ ಸಣ್ಣದು, ಪಾಕ ಏರಿ ಕಲ್ಲಾದದ್ದು. ಆದರೆ ಹೊಳಪಿಗೆ ಪುಡಿ ಬೆರೆಸಿದ ಹಳದಿ ಬೆಲ್ಲವನ್ನು ದಿನವೂ ತೂಗುವವನಿಗೆ ಬೆರಕೆಯಿಲ್ಲದ ಮಾಲು ಬೇಗ ಗುರುತು ಸಿಗುತ್ತದೆ. ಕಡಿಯಲು ಮಾತ್ರ ಹಲ್ಲು ಗಟ್ಟಿಯಿರಬೇಕಿತ್ತು.

ಬಲ ಸೊಂಟದ ಮೇಲೆ ಕೊಡ ಹೊತ್ತು ಹೊತ್ತು, ಬರಿಗೈಯಲ್ಲಿ ನಡೆಯುವಾಗಲೂ ಆಕೆ ಎಡಕ್ಕೆ ವಾಲುತ್ತಿದ್ದಳು. ಸೀರೆಯ ಮೇಲೆ ಗಂಡನ ಹಳೆಯ ಖಾಕಿ ಅಂಗಿ, ಪ್ರತಿ ಮಾತಿನ ತುದಿಗೆ "ಹೌದಿಲ್ಲೊ?" ಎಂಬ ಪ್ರಶ್ನೆ, ಅದಕ್ಕೆ ಉತ್ತರ ಕಾಯುವ ವ್ಯವಧಾನ ಮಾತ್ರ ಆಕೆಗಿರಲಿಲ್ಲ. ಅಲಖನೂರಿನಿಂದ ಮದುವೆಯಾಗಿ ಬಂದು, ನನ್ನ ಅಂಗಡಿಯ ಹಿಂದಿನ ಚಾಳದ ಬಾಡಿಗೆ ಕೋಣೆಯಲ್ಲಿ ಬೀಡಿ ಕಟ್ಟಿಕೊಂಡಿದ್ದ ಈಕೆಗೆ ಓಣಿಯ ಮೂಲೆಯ ಸರಕಾರಿ ನಳದ ಯಜಮಾನಿಕೆಯನ್ನು ಯಾರು ಕೊಟ್ಟರೋ ತಿಳಿಯದು. ಬಂದವರ ಕೊಡ ಬಂದ ಕ್ರಮದಲ್ಲಿ ಪಾಳಿಗೆ. ಜಗಳ ತೆಗೆದವರದು ಕಡೆಗೆ. ಬಾಣಂತಿಯ ಮನೆಯದು ಮಾತ್ರ ಮೊದಲು. ಜಾತಿ, ಅಂತಸ್ತು ಅಲ್ಲಿ ನಡೆಯುತ್ತಿರಲಿಲ್ಲ. ನಮ್ಮ ಮನೆಯ ನಳ ಒಣಗಿದ ಒಂದು ಬೇಸಿಗೆಯಲ್ಲಿ, ಆಳಿನ ಕೈಯಲ್ಲಿ ಕೊಡ ಕಳಿಸಿ ಮೆಲ್ಲಗೆ ಮುಂದೆ ಇಡಿಸಿದ್ದೆ. ಅಂಗಡಿಯವರೆಗೆ ಕೇಳಿಸಿತು ಆಕೆಯ ದನಿ:

"ಸಾವಕಾರ್ರ, ನಿಮ್ಮ ಕೊಡಕ್ಕ ಕಾಲ ಬಂದಾವೇನ್ರಿ? ತಾನ ನಡಕೋತ ಮುಂದ ಬಂದೈತಿ. ಹೌದಿಲ್ಲೊ?"

ಪಾಳಿಯೆಲ್ಲ ನಕ್ಕಿತು. ನಾನೂ ನಕ್ಕೆ, ನಷ್ಟವಾದಾಗ ನಗುವುದು ವ್ಯಾಪಾರದ ಮೊದಲ ಪಾಠ.

ಆಮೇಲೆ ಊರಿಗೆ ಅಭಿವೃದ್ಧಿ ಬ್ಯಾಂಕಿನ ಸಾಲ ಬಂತು. ಸಾಲದ ಬೆನ್ನಿಗೆ ಷರತ್ತು, ಷರತ್ತಿನ ಬೆನ್ನಿಗೆ ಖಾಸಗಿ ಕಂಪನಿ, ಕಂಪನಿಯ ಬೆನ್ನಿಗೆ ಮೀಟರು. ಸ್ವಂತ ಮನೆಯುಳ್ಳವರಿಗೆ ಹಗಲಿರುಳೂ ನೀರು ಹರಿದದ್ದು ಸುಳ್ಳಲ್ಲ; ನೀರಿನ ಪಸೆಯೇ ಬೆಲ್ಲದ ವೈರಿಯಾದ್ದರಿಂದ, ಮೀಟರಿಲ್ಲದ ಓಣಿಯ ನಳ ಬಂದ್ ಆಗುವುದೆಂಬ ಸುದ್ದಿ ನನಗೆ ಹಿತವಾಗಿಯೇ ಕೇಳಿತು. ಆದರೆ ಚಾಳದ ಬಾಡಿಗೆಯವರ ಹೆಸರಿನಲ್ಲಿ ಮನೆಯಿಲ್ಲ, ಮನೆಯಿಲ್ಲದವರಿಗೆ ಮೀಟರಿಲ್ಲ. ನಳ ಕೀಳಲು ಬಂದ ಕಂಪನಿಯ ನಿಖಿಲ ಎಂಬ ತರುಣ, ಓಣಿಯ ಬಾಯಿ ಮುಚ್ಚಿಸುವ ಉಪಾಯವಾಗಿ ಸಕ್ಕುಬಾಯಿಯೊಬ್ಬಳಿಗೆ ಮನೆಯೊಳಗೆ ನಳದ ಜೋಡಣೆ ಕೊಡಿಸುತ್ತೇನೆಂದ.

"ನಾ ಒಳಗ ಕುಂತ ತುಂಬಕೊಂಡ್ರ ಇವರೆಲ್ಲಾ ನನ್ನ ಬಾಗಲಾ ಬಡೀಬೇಕೇನೊ ತಮ್ಮಾ?"

ಜಂಬದಿಂದ ನಾನೆಂದೆ: "ಸಕ್ಕುಬಾಯಿ, ಅಂಗಡೀ ನಳಾ ಐತೆಲ್ಲ. ಎಲ್ಲಾರೂ ಬಂದು ಕೇಳಿ ತುಂಬಕೊಂಡು ಹೋಗ್ರಿ."

ಆಗ ಮಾತ್ರ ಆಕೆ ದನಿ ತಗ್ಗಿಸಿದಳು. "ನಮ್ಮಜ್ಜಿ ಬಾವಿ ಮುಟ್ಟೂಹಂಗಿರಲಿಲ್ರಿ. ದಂಡಿಗಿ ನಿಂತು ಕೇಳಾಕಿ. ಮ್ಯಾಲಿನವರು ಮನಸ ಬಂದ್ರ ಸುರವಾವ್ರು. ಈ ನಳಾ ಯಾರ ಮನೀದೂ ಅಲ್ರಿ. ಇಲ್ಲಿ ಯಾರನ್ನೂ ಕೇಳಬೇಕಾಗಿಲ್ಲ. ನೀವು ಒಳ್ಳೇವ್ರದೀರಿ. ಆದ್ರ ಕೇಳಿ ತಗೊಳ್ಳೂ ನೀರ ನನಗ ಬ್ಯಾಡ."

ಮರುದಿನ ನಳ ಹೋಯಿತು. ನಾಲ್ಕು ದಿನ ಚಾಳದ ಹೆಂಗಸರು ಕಬ್ಬಿನ ಹೊಲಗಳ ಪಂಪ್‌ಸೆಟ್ಟಿಗೆ ಅಲೆದರು. ಐದನೆಯ ದಿನ ಆಕೆ ಅಂಗಡಿಯ ಮೆಟ್ಟಿಲೇರಿ, ಕೊಡ ಕೆಳಗಿಟ್ಟು, ವ್ಯವಹಾರಕ್ಕೆ ಕುಳಿತಳು: ನನ್ನ ಹೆಸರಿನಲ್ಲಿ ಮತ್ತೊಂದು ಮೀಟರು, ನಳ ಮಾತ್ರ ಹೊರಗೋಡೆಗೆ, ಓಣಿಯ ಕಡೆಗೆ, ಬಿಲ್ಲು ಕಟ್ಟುವವರು ಚಾಳದವರು.

"ಗ್ವಾಡಿಗಿ ಪಸಿ ಹಿಡದ್ರ ನನ್ನ ಬೆಲ್ಲದ ಗತಿ?"

"ಪೆಂಟಿ ಆಚೀ ಗ್ವಾಡಿಗಿ ಸರಸ್ರಿ. ಇನ್ನೊಂದೈತಿ ನೋಡ್ರಿ: ನಿಮಗ ನೀರ ಬೇಕಾದ್ರ ನೀವೂ ಪಾಳೀಗೇ ಬರ್ರಿ. ಹೌದಿಲ್ಲೊ?"

ಮೂವತ್ತು ವರ್ಷ ವ್ಯಾಪಾರ ಮಾಡಿದವನು ಒಂದು ಮಾತಿಗೂ ಎದುರು ದರ ಹೇಳದೆ ಒಪ್ಪಿದ ಸೌದಾ ಅದೊಂದೇ.

ಆಕೆ ತೀರಿಕೊಂಡು ಎರಡು ಮಳೆಗಾಲ ಕಳೆದವು. ಪಾಳಿ ಈಗಲೂ ಇದೆ, ಆದರೆ ಸಪ್ಪೆ. ಬೈಯುವವರಿಲ್ಲದ ಪಾಳಿಯಲ್ಲಿ ನಗುವೂ ಕಡಿಮೆ. ತಮ್ಮದನ್ನು ಕಾಯುವವರು ಲೋಕದ ತುಂಬ ಇದ್ದಾರೆ, ನಾನೂ ಅವರಲ್ಲೊಬ್ಬ. ಎಲ್ಲರದನ್ನು ತಮ್ಮದೆಂಬಷ್ಟು ಹಟದಿಂದ ಕಾದು, ಒಂದು ಹನಿಯನ್ನೂ ಹೆಚ್ಚು ತೆಗೆದುಕೊಳ್ಳದೆ ಹೋಗುವವರು ವಿರಳ. ಅಂಥವರು ಎದ್ದು ಹೋದ ಮೇಲೆಯೇ ಅವರು ಕೂತಿದ್ದ ಜಾಗ ಕಾಣುತ್ತದೆ. ನನ್ನ ಹೆಸರಿನಲ್ಲಿದ್ದೂ ನನ್ನದಲ್ಲದ ವಸ್ತು ಈ ಲೋಕದಲ್ಲಿ ಆ ನಳವೊಂದೇ. ಅದನ್ನು ಹೊಂದುವ ಭಾಗ್ಯಕ್ಕೆ ನಾನು ಸಕ್ಕುಬಾಯಿಗೆ ಋಣಿ.